ಗ್ಲಾಸೆತ್ತಿದ ಗ್ಯಾಟ್ಸ್‌ಬಿ, ಗುಡ್ಡ ಹತ್ತಿದ ಭಾವ

ನಮ್ಮ ಭಾವನ ಮನೆ ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಅಲ್ಲಿ ಮಳೆ ಧಾರಾಳ, ಜಿಗಣೆ ಧಾರಾಳ. ಮೊಬೈಲ್ ಸಿಗ್ನಲ್ ಮಾತ್ರ ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಅದೂ ಈಶಾನ್ಯಕ್ಕೆ ಮುಖ ಮಾಡಿ ಅಲುಗಾಡದೆ ನಿಂತರೆ. ಚುನಾವಣೆ ಬಂದಾಗ ಆ ಕಡೆಯ ಊರುಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಫಲಕ ಏಳುತ್ತದೆ. ಫಲಿತಾಂಶ ಬಂದ ಮೇಲೆ ಅದೇ ಫಲಕ ಕೊಟ್ಟಿಗೆಗೆ ಇರಚಲು ಬಡಿಯದಂತೆ ಅಡ್ಡ ನಿಲ್ಲುತ್ತದೆ. ಇಂಥ ಊರಿನಲ್ಲಿ ಭಾವ ದಿನಾ ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತ್ತಾನೆ. ಯಾತಕ್ಕೆ? ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಹಾಕುವುದಕ್ಕೆ.

ಆ ಚಿತ್ರವನ್ನು ನೀವೂ ನೋಡಿದ್ದೀರಿ. ಕಪ್ಪು ಸೂಟು, ಹಿಂದೆ ಪಟಾಕಿಯ ಬೆಳಕು, ಎತ್ತಿ ಹಿಡಿದ ಗ್ಲಾಸು, ತುಟಿಯಂಚಿನಲ್ಲಿ ನಗೆ. ಚಿಕ್ಕಮ್ಮನ ಮಗಳು ಪಿಯುಸಿ ಪಾಸಾದರೆ ಆ ನಗೆ. ರಾಶಿ ಅಡಿಕೆಯ ಧಾರಣೆ ಏರಿದರೆ ಆ ನಗೆ. ಶ್ರಾವಣದಲ್ಲಿ ಅಣ್ಣನ ಮಗನ ಗೃಹಪ್ರವೇಶ ಸಾಗರದಲ್ಲಿ ನಡೆಯಿತು. ಸತ್ಯನಾರಾಯಣ ಪೂಜೆಯ ಫೋಟೋದ ಕೆಳಗೆ ಷಾಂಪೇನ್ ಹಿಡಿದ ಈ ಮನುಷ್ಯ ಹದಿನೇಳು ಸಲ ಪ್ರತ್ಯಕ್ಷನಾದ. ಈರುಳ್ಳಿ ಮುಟ್ಟದ ಮನೆತನ ನಮ್ಮದು.

‘ಇವನು ಯಾರು, ಭಾವ?’ ಎಂದು ಕೇಳಿದೆ.

‘ಯಾರೋ ದೊಡ್ಡ ಕುಳ ಇರಬೇಕು ಮಾರಾಯ. ಸುಖವಾಗಿದ್ದಾನೆ.’

ಸುಖವಂತೆ! ಅವನು ಜೇ ಗ್ಯಾಟ್ಸ್‌ಬಿ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯ ನಾಯಕ. ಚಿತ್ರದಲ್ಲಿರುವ ಮುಖ 2013ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ ಲಿಯೊನಾರ್ಡೊ ಡಿಕಾಪ್ರಿಯೊನದು. ಗ್ಯಾಟ್ಸ್‌ಬಿ ಯುದ್ಧಕ್ಕೆ ಹೋಗಿ ಬರುವಷ್ಟರಲ್ಲಿ ಪ್ರೀತಿಸಿದ ಡೈಸಿ ಸಿರಿವಂತನೊಬ್ಬನನ್ನು ಮದುವೆಯಾಗಿಬಿಟ್ಟಿದ್ದಳು. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಔಷಧಿ ಅಂಗಡಿಗಳ ಮೂಲಕ ಮದ್ಯ ಮಾರಿ ಹಣ ಮಾಡಿದ. ಕೊಲ್ಲಿಯ ಆಚೆ ಅವಳ ಮನೆ ಕಾಣುವಂತೆ ಈಚೆ ಅರಮನೆ ಕೊಂಡ. ಎಂದಾದರೂ ಒಂದು ರಾತ್ರಿ ಅವಳು ದಾರಿ ತಪ್ಪಿಯಾದರೂ ಬಂದಾಳು ಎಂದು ಊರಿಗೆಲ್ಲ ಔತಣ ಇಟ್ಟ. ಕಾದಂಬರಿಯಲ್ಲಿ ತನ್ನ ಔತಣದಲ್ಲಿ ತಾನೇ ಕುಡಿಯದೆ ನಿಂತಿರುವವನು ಅವನು. ಅಂಥವನ ಕೈಯಲ್ಲಿ ಜಗತ್ತು ಖಾಯಂ ಆಗಿ ಒಂದು ಗ್ಲಾಸು ಕೊಟ್ಟು ನಿಲ್ಲಿಸಿದೆ.

ಆಚೆ ದಡದಲ್ಲಿ, ಡೈಸಿಯ ದೋಣಿಕಟ್ಟೆಯ ತುದಿಯಲ್ಲಿ, ಒಂದು ಹಸಿರು ದೀಪ ಉರಿಯುತ್ತದೆ. ಗ್ಯಾಟ್ಸ್‌ಬಿ ಕತ್ತಲಲ್ಲಿ ಒಬ್ಬನೇ ನಿಂತು ಅದರತ್ತ ಕೈ ಚಾಚುತ್ತಾನೆ. ಶರಾವತಿ ಹಿನ್ನೀರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಈಚೆ ದಡದಲ್ಲಿ ನಿಂತು ಆಚೆ ದಡದ ದೀಪ ನೋಡಿದವರು ಬಹಳ; ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಪ್ರೇಮವೂ ಹೆರಿಗೆನೋವೂ ಒಟ್ಟಿಗೆ ಬೆಳಗಿಗೆ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆ ಆಯಿತು. ಈಗ ದಾಟುವುದು ನಿಮಿಷಗಳ ಕೆಲಸ. ಆದರೆ ಜನ ನಡುವೆಯೇ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುತ್ತಿದ್ದಾರೆ. ಹಸಿರು ದೀಪವೂ ಅಂಗೈಗೆ ಬಂದಿದೆ, ಹೆಸರಿನ ಪಕ್ಕದ ಹಸಿರು ಚುಕ್ಕೆಯಾಗಿ. ಶಿವಮೊಗ್ಗದ ಹಾಸ್ಟೆಲ್ಲಿನ ಹುಡುಗ ರಾತ್ರಿ ಎರಡು ಗಂಟೆಗೆ ಅದನ್ನೇ ದಿಟ್ಟಿಸುತ್ತಾನೆ. ಚುಕ್ಕೆ ಆರಿತೋ, ಅದೇ ಗ್ಲಾಸಿನವನ ಚಿತ್ರದ ಮೇಲೆ ‘ಹೋದವರಿಗೆ ಒಳ್ಳೆಯದಾಗಲಿ’ ಎಂದು ಬರೆದು ಹಾಕುತ್ತಾನೆ. ಗ್ಯಾಟ್ಸ್‌ಬಿ ಐದು ವರ್ಷ ಸುಟ್ಟುಕೊಂಡ ವಿರಹ ಇಲ್ಲಿ ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಮುಗಿದಿರುತ್ತದೆ. ಉಪ್ಪಿಟ್ಟಿನ ಮೇಲೆ ನನಗೇನೂ ದೂರಿಲ್ಲ.

ನನಗೆ ಬಹಳ ಇಷ್ಟವಾದ ಜಾಗ ಬೇರೆ. ಗೂಬೆಗಣ್ಣಿನಂಥ ದಪ್ಪ ಕನ್ನಡಕದ ಅತಿಥಿಯೊಬ್ಬ ಗ್ಯಾಟ್ಸ್‌ಬಿಯ ಗ್ರಂಥಾಲಯ ಹೊಕ್ಕು ಬೆರಗಾಗುತ್ತಾನೆ: ಪುಸ್ತಕಗಳು ನಿಜವಾದವು! ಬರೀ ರಟ್ಟು ಇಟ್ಟಿದ್ದಾನೆ ಎಂದುಕೊಂಡಿದ್ದನಂತೆ. ಆದರೆ ಹಾಳೆಗಳನ್ನು ಸೀಳಿಲ್ಲ. ಆಗ ಎಷ್ಟೋ ಪುಸ್ತಕಗಳ ಮಡಿಕೆಗಳನ್ನು ಓದುವವನೇ ಚಾಕು ಹಿಡಿದು ಬಿಡಿಸಿಕೊಳ್ಳಬೇಕಿತ್ತು. ಭಾವನ ಕಪಾಟಿನಲ್ಲೂ ಪುಸ್ತಕಗಳಿವೆ, ಅವನ ಮದುವೆಯಲ್ಲಿ ಬಂದವು. ಬಣ್ಣದ ಕಾಗದ ಇನ್ನೂ ಹರಿದಿಲ್ಲ.

ಕೊನೆಗೆ, ಡೈಸಿ ಕಾರು ಓಡಿಸಿ ಮಾಡಿದ ಅಪಘಾತದ ಹೊಣೆ ಗ್ಯಾಟ್ಸ್‌ಬಿಯ ತಲೆಗೆ ಬಂದು, ಈಜುಕೊಳದಲ್ಲಿ ಗುಂಡೇಟಿಗೆ ಸತ್ತ. ನೂರಾರು ಜನ ತಿಂದು ಕುಣಿದ ಮನೆ. ಮಣ್ಣಿಗೆ ಬಂದವರು ಅಪ್ಪ, ನೆರೆಮನೆಯ ನಿಕ್, ನಾಲ್ಕೈದು ಆಳುಗಳು, ಒಬ್ಬ ಅಂಚೆಯವನು, ಮತ್ತು ಆ ಕನ್ನಡಕದವನು. ಡೈಸಿಯಿಂದ ಒಂದು ಹೂವೂ ಬರಲಿಲ್ಲ. ಅವನ ಮನೆಯಲ್ಲೇ ಬಿಡಾರ ಹೂಡಿದ್ದವನೊಬ್ಬ ಫೋನೇನೋ ಮಾಡಿದ, ಬಿಟ್ಟುಹೋದ ಟೆನಿಸ್ ಬೂಟು ಕಳುಹಿಸಿಕೊಡಿ ಎಂದು.

ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಹೇಳಿದೆ. ಅವನು ಗುಡ್ಡದ ಮೇಲಿದ್ದ. ಮಳೆಯ ಸದ್ದಿನಲ್ಲಿ ಎಷ್ಟು ಕೇಳಿಸಿತೋ.

‘ಸತ್ತನೇ? ಛೆ! ಯಾವಾಗ?’

‘ನೂರು ವರ್ಷವಾಯಿತು ಭಾವ, ಅದು ಕಾದಂಬರಿ’ ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಭಾವನ ಸಂದೇಶ ಬಂತು: ‘ಗ್ಯಾಟ್ಸ್‌ಬಿಯವರು ತೀರಿಕೊಂಡರಂತೆ.’ ಜೊತೆಗೆ ಅದೇ ಚಿತ್ರ, ಗ್ಲಾಸು ಸಮೇತ.

ಹತ್ತು ನಿಮಿಷದಲ್ಲಿ ನಲವತ್ತೊಂದು ‘ಓಂ ಶಾಂತಿ’. ದೊಡ್ಡಮ್ಮ ‘ಮೊನ್ನೆ ಗೃಹಪ್ರವೇಶದ ದಿನ ಚೆನ್ನಾಗಿಯೇ ಇದ್ದರಲ್ಲ’ ಎಂದು ಬರೆದರು. ತೀರ್ಥಹಳ್ಳಿಯ ಮಾವ ದಹನ ಎಷ್ಟು ಹೊತ್ತಿಗೆ, ಮನೆಯವರೆಗೆ ಜೀಪು ಹೋಗುತ್ತದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು: ‘ಇವತ್ತು ಅಪರೂಪಕ್ಕೆ ಅಡಿಕೆಮರ ಹತ್ತುವ ಕೊನೆಗಾರ ಸಿಕ್ಕಿದ್ದಾನೆ, ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದೇನೆ. ಬರಲಾಗುವುದಿಲ್ಲ. ವೈಕುಂಠ ಸಮಾರಾಧನೆಗೆ ಖಂಡಿತ ಬರುತ್ತೇನೆ.’

ಅದರ ಕೆಳಗೆ ಸಾಗರದ ಷಡ್ಡಕರದ್ದು: ‘ಗೃಹಪ್ರವೇಶದ ಊಟದ ಪಂಕ್ತಿಯ ಹತ್ತಿರ ನನ್ನ ಕೊಡೆ ಬಿಟ್ಟು ಬಂದಿದ್ದೆ. ಮರದ ಹಿಡಿಯದು. ಯಾರಿಗಾದರೂ ಸಿಕ್ಕಿದೆಯೇ?’