ಕನ್ನಡದ ಶೋ ಎಲ್ಲಿದೆ?

ನಿನ್ನೆಯಿಂದ ತಲೆ ಕೆಟ್ಟಿದೆ. ಅಕ್ಕನ ಮಗನಿಗೆ ಹೊಸ ಸೈನ್ಸ್ ಫಿಕ್ಷನ್ ಚಿತ್ರವನ್ನು ಕನ್ನಡದಲ್ಲೇ ತೋರಿಸಬೇಕು ಅಂತ ಆ್ಯಪ್ ತೆಗೆದೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಶೋಗಳು ಸಾಲು ಸಾಲಾಗಿವೆ. ಹಿಂದಿ, ತೆಲುಗು, ತಮಿಳು ಎಲ್ಲಾ ಇವೆ. ಕನ್ನಡಕ್ಕೆ ಊರಾಚೆಯ ಥಿಯೇಟರಿನಲ್ಲಿ ಒಂದೇ ಶೋ, ಅದೂ ಶಾಲೆ ಇರುವ ದಿನ ಬೆಳಗ್ಗೆ. ಹತ್ತಿರದ ಮಲ್ಟಿಪ್ಲೆಕ್ಸ್‌ನಲ್ಲಿ ಕೇಳಿದರೆ "ಕನ್ನಡಕ್ಕೆ ಜನ ಬರಲ್ಲ ಸರ್" ಅಂದರು. ಶೋನೇ ಇಡದೆ ಜನ ಬರಲ್ಲ ಅಂತ ಹೇಗೆ ಗೊತ್ತಾಯಿತು?

ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯಕ್ಕೆ ನನಗೆ ಸಿಟ್ಟು ಬೇಗ ಬರುತ್ತದೆ. ದಾವಣಗೆರೆಯಲ್ಲಿ ಹೈಸ್ಕೂಲು ಓದುವಾಗ 'ಜುರಾಸಿಕ್ ಪಾರ್ಕ್' ನೋಡಿದ್ದೆ. 1993ರ ಆ ಚಿತ್ರ ಮರುವರ್ಷವೇ ಹಿಂದಿಯಲ್ಲಿ ಬಂದಿತ್ತು. ನಮಗೆ ಸಿಕ್ಕಿದ್ದು ಇಂಗ್ಲಿಷ್. ಟಿ-ರೆಕ್ಸ್ ಬಂದಾಗ ಕಿರುಚಿದೆವು, ನಿಜ. ಆದರೆ ಡೈನೊಸಾರ್‌ಗಳು ಮತ್ತೆ ಹುಟ್ಟಿದ್ದು ಹೇಗೆ ಅನ್ನೋದೇ ತಿಳಿಯಲಿಲ್ಲ. ಮರದ ಅಂಟಿನಲ್ಲಿ ಸಿಕ್ಕಿಕೊಂಡ ಸೊಳ್ಳೆ, ಅದರ ಹೊಟ್ಟೆಯ ರಕ್ತದಲ್ಲಿ ಡೈನೊಸಾರ್ ಡಿಎನ್ಎ, ಅದರಲ್ಲಿ ಕಳೆದುಹೋದ ಭಾಗಕ್ಕೆ ಕಪ್ಪೆಯ ಡಿಎನ್ಎ. ಮರಿ ಆಗಬಾರದು ಅಂತ ಪಾರ್ಕಿನವರು ಬರೀ ಹೆಣ್ಣುಗಳನ್ನೇ ಹುಟ್ಟಿಸಿರುತ್ತಾರೆ. ಆದರೆ ಗುಂಪಿನಲ್ಲಿ ಹೆಣ್ಣೇ ಇದ್ದರೆ ಕೆಲವು ಕಪ್ಪೆಗಳು ಗಂಡಾಗುತ್ತವೆ. ಅದಕ್ಕೇ ಕಾಡಿನಲ್ಲಿ ಒಡೆದ ಮೊಟ್ಟೆಗಳು ಸಿಗೋದು. ಚಿತ್ರದ ಜೀವ ಇರೋದೇ ಅಲ್ಲಿ, ಅಲ್ವಾ? ಆ ಚಿಪ್ಪು ಕಂಡಾಗ ಮೈ ಜುಮ್ಮೆನ್ನಬೇಕಿತ್ತು. ನಾವು ಸುಮ್ನೆ ಕೂತಿದ್ದೆವು. ಇದೆಲ್ಲ ಅರ್ಥವಾಗಿದ್ದು ಕಾಲೇಜಿಗೆ ಬಂದು ಇಂಗ್ಲಿಷ್ ಕಲಿತ ಮೇಲೆ. ಆ ವಯಸ್ಸಿನ ಬೆರಗು ಅಷ್ಟರಲ್ಲಿ ಹೋಗಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೊಡೆದಾಟದ ಚಿತ್ರವನ್ನು ಭಾಷೆ ಬರದಿದ್ದರೂ ನೋಡಬಹುದು. ಸೈನ್ಸ್ ಫಿಕ್ಷನ್ ಹಾಗಲ್ಲ. 'ಇಂಟರ್‌ಸ್ಟೆಲ್ಲರ್'ನಲ್ಲಿ ನೀರಿನ ಗ್ರಹದ ಒಂದು ಗಂಟೆ ಅಂದರೆ ಭೂಮಿಯ 7 ವರ್ಷ. ಪಕ್ಕದಲ್ಲಿರುವ, ಬೆಳಕನ್ನೂ ನುಂಗುವ ಕಪ್ಪುಕುಳಿಯ ಸೆಳೆತಕ್ಕೆ ಅಲ್ಲಿ ಕಾಲವೇ ನಿಧಾನ. ಇದು ತಿಳಿಯದ ಹುಡುಗನಿಗೆ, ಆ ಗ್ರಹಕ್ಕೆ ಹೋಗಿದ್ದ ಅಪ್ಪ ಹಡಗಿಗೆ ಮರಳಿ, ಮಕ್ಕಳು 23 ವರ್ಷ ಕಳಿಸಿದ ವಿಡಿಯೊಗಳನ್ನು ನೋಡಿ ಅಳೋದು ಹೇಗೆ ಮುಟ್ಟಬೇಕು? ನಿನ್ನೆ ಬೇರೆ ದಾರಿ ಇಲ್ಲದೆ ಇಂಗ್ಲಿಷ್ ಶೋಗೇ ಹೋದೆವು. "ಮಾಮ, ಏನಂದ?" ಅಂತ ಹುಡುಗ ಕೇಳುತ್ತಲೇ ಇದ್ದ. ಇಂಟರ್ವಲ್ ಆದ ಮೇಲೆ ಕೇಳೋದನ್ನೂ ಬಿಟ್ಟ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ.

ಡಬ್ಬಿಂಗ್‌ನಿಂದ ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂತ ಕೆಲವು ಗೆಳೆಯರು ಈಗ ಬರೆಯುತ್ತೀರಿ. 60ರ ದಶಕದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ತಡೆದಾಗ ನಮ್ಮ ಚಿತ್ರರಂಗ ಪುಟ್ಟದಿತ್ತು, ಆ ಭಯಕ್ಕೆ ಕಾರಣವೂ ಇತ್ತು. ಈಗ ಏನು ಕಾರಣ? ಡಬ್ಬಿಂಗ್ ತಡೆಯೋದು ಸರಿಯಲ್ಲ ಅಂತ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿದೆ. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು. ಇಂಥ ಚಿತ್ರಗಳು ನಮ್ಮೂರಲ್ಲಿ ಇಂಗ್ಲಿಷಿನಲ್ಲಿ ಹೇಗೂ ಓಡುತ್ತವೆ. ಕನ್ನಡದ ಶೋ ಕಿತ್ತರೆ ನಮ್ಮ ಯಾವ ನಟನಿಗೂ ಒಂದು ರೂಪಾಯಿ ಜಾಸ್ತಿ ಸಿಗಲ್ಲ. ಕನ್ನಡದಲ್ಲಿ ದನಿ ಕೊಡುವವರ ಕೆಲಸ ಮಾತ್ರ ಹೋಗುತ್ತದೆ.

ವಿಜ್ಞಾನದ ಮಾತು ಕನ್ನಡದಲ್ಲಿ ಕೃತಕವಾಗಿ ಕೇಳುತ್ತದೆ ಅನ್ನೋ ವಾದವನ್ನಂತೂ ನಾನು ಒಪ್ಪೋದೇ ಇಲ್ಲ. ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ' ಬರೆದ ಭಾಷೆ ಇದು. 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯ ಹಿಂದೆ ಮಂದಣ್ಣನನ್ನೂ ಕರ್ವಾಲೊ ಸಾಹೇಬರನ್ನೂ ಕಾಡು ಹತ್ತಿಸಿ, ಜೀವವಿಕಾಸವನ್ನು ಮಲೆನಾಡಿನ ಮಾತಿನಲ್ಲೇ ತೇಜಸ್ವಿ ಹೇಳಿದರು. ಡಬ್ಬಿಂಗ್‌ನ ಮಾತು ಸಪ್ಪೆಯಾಗಿದ್ದರೆ ಒಳ್ಳೆ ಬರಹಗಾರರಿಂದ ಬರೆಸಿ. ಶೋ ತೆಗೆದರೆ ಮಾತು ಸುಧಾರಿಸುತ್ತದಾ?

ಇನ್ನು ಜನ ಬರಲ್ಲ ಅನ್ನೋ ಮಾತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬಂತು. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಕೂತು ನೋಡಿದರು. ಯಾರಿಗೂ ಒತ್ತಾಯ ಮಾಡಬೇಕಾಗಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಷ್ಟೇ.

ಥಿಯೇಟರಿನವರೇ, ಮುಂದಿನ ದೊಡ್ಡ ಚಿತ್ರಕ್ಕೆ ಕನ್ನಡದಲ್ಲಿ ಸಂಜೆಯ ಒಂದು ಶೋ ಕೊಡಿ. ಬೆಂಗಳೂರಿನಲ್ಲಿ ಮಾತ್ರ ಅಲ್ಲ, ದಾವಣಗೆರೆ, ಹಾಸನ, ಕಲಬುರಗಿಯಲ್ಲೂ ಕೊಡಿ. ಶನಿವಾರ, ಭಾನುವಾರ ಸೇರಿಸಿ ಎರಡು ವಾರ ಓಡಿಸಿ. ಆಮೇಲೆ ಟಿಕೆಟ್ ಲೆಕ್ಕ ತೋರಿಸಿ, ಮಾತಾಡೋಣ.