ಉರ್ದು ಬೆಳೆಸಬೇಕಾದರೆ ಮೊದಲು ಒಂದನೇ ಕ್ಲಾಸಿಗೆ ಟೀಚರ್ ಕೊಡಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಓದುವ ತಾಳ್ಮೆ ಇರುವವರು ಓದಿ.

ನಮ್ಮ ಮೈಸೂರಿನ ಒಂದು ಸಭಾಂಗಣದಲ್ಲಿ ಉರ್ದು ಭಾಷೆಯ ಬೆಳವಣಿಗೆಗೆ ಅಂತ ಸರ್ಕಾರದ ದುಡ್ಡಿನಲ್ಲಿ ಕಾರ್ಯಕ್ರಮ ಇತ್ತು. ಹಳೆಯ ಸಹೋದ್ಯೋಗಿಯೊಬ್ಬರು ಕರೆದರು, ಹೋದೆ. ಮುಶಾಯಿರಾ, ಅಂದರೆ ಉರ್ದು ಕವಿಗೋಷ್ಠಿ, ಚೆನ್ನಾಗಿತ್ತು. ಮಂಡ್ಯದ ಕಡೆಯಿಂದ ಬಂದಿದ್ದ ವಯಸ್ಸಾದ ಕವಿಯೊಬ್ಬರು ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದು ಆಡುಮಾತಿನಲ್ಲಿ, ಓದಲು ಶುರು ಮಾಡಿದಾಗ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಕವಿತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಸಿಟ್ಟು ಬಂದದ್ದು ಅದಕ್ಕೂ ಮುಂಚಿನ ಭಾಷಣಗಳಿಗೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಉರ್ದುವನ್ನು ಉಳಿಸುತ್ತೇವೆ, ಬೆಳೆಸುತ್ತೇವೆ, ಇಷ್ಟು ಅನುದಾನ ಕೊಟ್ಟಿದ್ದೇವೆ, ಇನ್ನಷ್ಟು ಕೊಡುತ್ತೇವೆ ಅಂದರು. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲಾ ಆಯಿತು. ಅಷ್ಟೂ ಹೊತ್ತಿನಲ್ಲಿ ಒಬ್ಬರ ಬಾಯಲ್ಲೂ ಶಾಲೆ ಅನ್ನೋ ಮಾತು ಬರಲಿಲ್ಲ.

ನನ್ನ ಪಕ್ಕದಲ್ಲಿ ಉದಯಗಿರಿಯ ಒಬ್ಬ ಹೆಣ್ಣುಮಗಳು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಳು. ಅವಳಿಗೂ ನಾನೇ ಕನ್ನಡ ಕಲಿಸಿದ್ದು. ಭಾಷಣ ನಡೆಯುತ್ತಿದ್ದಾಗಲೇ ಪಿಸುಗುಟ್ಟಿದಳು: "ಟೀಚರ್, ನಮ್ಮ ದೊಡ್ಡವನ ಸ್ಕೂಲಲ್ಲಿ ಉರ್ದು ಹೇಳಿಕೊಡೋರೇ ಇಲ್ಲ. ಇದ್ದ ಆಪಾ ರಿಟೈರ್ ಆದ್ರು. ಒಂದರಿಂದ ಐದನೇ ಕ್ಲಾಸಿನ ತನಕ ಒಂದೇ ರೂಮಲ್ಲಿ ಕೂರಿಸ್ತಾರೆ. ಟಿಸಿ ತಗೊಂಡು ಬಿಡೋಣ ಅಂತಾರೆ ಮನೇಲಿ. ಏನ್ ಮಾಡ್ಲಿ ಹೇಳಿ?"

ಏನು ಹೇಳಲಿ? ವೇದಿಕೆಯ ಮೇಲೆ ಭಾಷೆಯನ್ನು ಉಳಿಸುತ್ತಿದ್ದಾರೆ. ಕೆಳಗೆ ಒಬ್ಬ ತಾಯಿ ಮಗನ ಟಿಸಿ ತೆಗೆದುಕೊಳ್ಳಲಾ ಬೇಡವಾ ಅಂತ ಕೇಳುತ್ತಿದ್ದಾಳೆ.

ನಾನು ಎಲ್ಲಿ ಕೆಲಸ ಮಾಡಿದವಳು ಅಂತ ನಿಮಗೆಲ್ಲಾ ಗೊತ್ತು. ಸರ್ಕಾರಿ ಉರ್ದು ಶಾಲೆಯಲ್ಲಿ ಕನ್ನಡ ಟೀಚರ್. ನೌಕರಿಯ ಹೆಚ್ಚಿನ ಪಾಲು ಮೊಹಲ್ಲಾಗಳ ಮಧ್ಯೆಯೇ ಕಳೆಯಿತು. ಕೆಲಸದಲ್ಲಿದ್ದಾಗ ಇದನ್ನೆಲ್ಲಾ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಈಗ ನಿವೃತ್ತಿ ಆಗಿದೆ, ಹೇಳುತ್ತೇನೆ.

ಸರ್ಕಾರ ಉರ್ದುವಿಗೆ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟು ಮಾಡಿದೆ. ಕೇಂದ್ರ ಸರ್ಕಾರ 1969ರಲ್ಲೇ ತರಕ್ಕಿ-ಎ-ಉರ್ದು ಬೋರ್ಡ್ ಮಾಡಿತು. 1972ರಲ್ಲಿ ಐ.ಕೆ. ಗುಜ್ರಾಲ್ ಅವರ ಸಮಿತಿ ಕೂರಿಸಿತು. ಅವರು 1975ರಲ್ಲಿ 187 ಶಿಫಾರಸು ಇರುವ ವರದಿ ಕೊಟ್ಟರು. ಆ ಶಿಫಾರಸುಗಳು ಏನಾದವು ಅಂತ ನೋಡುವುದಕ್ಕೆ 1990ರಲ್ಲಿ ಅಲಿ ಸರ್ದಾರ್ ಜಾಫ್ರಿ ಅವರ ಇನ್ನೊಂದು ಸಮಿತಿ! 1996ರಿಂದ ದೆಹಲಿಯಲ್ಲಿ ಉರ್ದು ಅಭಿವೃದ್ಧಿಗೆ ಅಂತಲೇ ರಾಷ್ಟ್ರೀಯ ಮಂಡಳಿ ಇದೆ. ಅದು ಕಂಪ್ಯೂಟರ್ ಕೋರ್ಸು, ಕ್ಯಾಲಿಗ್ರಫಿ ಕೋರ್ಸು ನಡೆಸುತ್ತದೆ, ಪುಸ್ತಕ ಮಾಡುತ್ತದೆ. 1998ರಲ್ಲಿ ಹೈದರಾಬಾದಿನಲ್ಲಿ ಉರ್ದುವಿಗೇ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ನಮ್ಮ ರಾಜ್ಯದಲ್ಲಿ ಉರ್ದು ಅಕಾಡೆಮಿ ಇದೆ. ಮಾನಸಗಂಗೋತ್ರಿಯಲ್ಲಿ ಉರ್ದು ಎಂ.ಎ. ವಿಭಾಗವೇ ಇದೆ.

ಇಷ್ಟೆಲ್ಲಾ ಇದ್ದೂ ಏನಾಯಿತು? 2001ರ ಜನಗಣತಿಯಲ್ಲಿ ಉರ್ದು ನನ್ನ ತಾಯಿನುಡಿ ಅಂದವರು ದೇಶದಲ್ಲಿ ಸುಮಾರು 5.15 ಕೋಟಿ. 2011ರಲ್ಲಿ 5.07 ಕೋಟಿ. ಜನಸಂಖ್ಯೆ ಏರಿದೆ, ಉರ್ದುವಿನ ಲೆಕ್ಕ ಇಳಿದಿದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಹೀಗೆ ಇಳಿದದ್ದು ಉರ್ದು ಮತ್ತು ಕೊಂಕಣಿ ಎರಡೇ. ಕರ್ನಾಟಕದಲ್ಲಿ ಇದೇ 2011ರ ಲೆಕ್ಕದಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನ, ಅಂದರೆ ಸುಮಾರು 66 ಲಕ್ಷ, ಉರ್ದು ಮನೆಮಾತಿನವರು. ಕನ್ನಡ ಬಿಟ್ಟರೆ ರಾಜ್ಯದಲ್ಲಿ ಜಾಸ್ತಿ ಜನ ಆಡುವ ಮಾತು ಇದೇ. ಅಷ್ಟು ಮಂದಿಯ ಮಕ್ಕಳಲ್ಲಿ ಎಷ್ಟು ಮಕ್ಕಳು ಉರ್ದು ಅಕ್ಷರ ಓದುತ್ತಾರೆ ಅನ್ನುವುದು ಪ್ರಶ್ನೆ. ಮನೆಯಲ್ಲಿ ಮಾತಾಡುವುದಕ್ಕೆ ಸರ್ಕಾರ ಬೇಕಿಲ್ಲ. ಓದು ಬರಹಕ್ಕೆ ಬೇಕು. ಅದು ಆಗುವುದು ಒಂದನೇ ಕ್ಲಾಸಿನಲ್ಲಿ, ಟೀಚರ್ ಇದ್ದರೆ ಮಾತ್ರ.

ಉರ್ದು ಅಕ್ಷರ ಸುಮ್ನೆ ನೋಡಿ ಕಲಿಯುವಂಥದ್ದಲ್ಲ. ಒಂದೇ ಅಕ್ಷರ ಪದದ ಶುರುವಿನಲ್ಲಿ ಒಂಥರ, ನಡುವೆ ಒಂಥರ, ಕೊನೆಯಲ್ಲಿ ಇನ್ನೊಂಥರ. ಚುಕ್ಕೆ ಒಂದು ಜಾಸ್ತಿಯಾದರೆ ಬೇರೆಯದೇ ಅಕ್ಷರ. ಮಗುವಿನ ಕೈ ಹಿಡಿದು ತಿದ್ದಿಸಬೇಕು. ನಮ್ಮ ಶಾಲೆಯ ಉರ್ದು ಆಪಾ ಹಾಗೇ ತಿದ್ದಿಸುತ್ತಿದ್ದರು, ನೆಲದ ಮೇಲೆ ಮಕ್ಕಳ ಪಕ್ಕ ಕೂತು. ಅವರ ಪೀರಿಯಡ್ ಮುಗಿದ ಮೇಲೆ ನನ್ನದು. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಎರಡು ನೋಟ್‌ಬುಕ್ ತರುವ ಅನುಕೂಲ ಇರಲಿಲ್ಲ. ಒಂದೇ ನೋಟ್‌ಬುಕ್ಕಿನಲ್ಲಿ ಎಡಗಡೆಯಿಂದ ಕನ್ನಡ ಬರೆಯುತ್ತಾ ಬರುತ್ತಿದ್ದರು, ಬಲಗಡೆಯಿಂದ ಉರ್ದು. ಯಾವುದು ಮೊದಲು ನಡುವಿನ ಪಿನ್ನು ಮುಟ್ಟುತ್ತದೆ ಅಂತ ಅವರಲ್ಲೇ ಪಂದ್ಯ. ಆಪಾಗೆ ವರ್ಗ ಆದ ವರ್ಷ ಬಲಗಡೆಯ ಹಾಳೆಗಳು ಹಾಗೇ ಉಳಿದವು. ಕೊನೆಗೆ ಮಕ್ಕಳು ಅದರಲ್ಲೂ ನನ್ನ ಪಾಠವನ್ನೇ ಬರೆದರು. ನನ್ನ ವಿಷಯಕ್ಕೆ ಜಾಗ ಜಾಸ್ತಿ ಸಿಕ್ಕಿತು ಅಂತ ನನಗೆ ಖುಷಿ ಆಗಲಿಲ್ಲ. ಹೊಟ್ಟೆ ಉರಿಯಿತು.

ಖಾಲಿ ಹುದ್ದೆ ತುಂಬುವುದು ಹೇಗೆ ಅಂತ ಮೇಷ್ಟ್ರುಗಳಿಗೆ ಗೊತ್ತು. ಮೊದಲು ಪಕ್ಕದ ಶಾಲೆಯಿಂದ ನಿಯೋಜನೆ, ವಾರಕ್ಕೆ ಎರಡು ದಿನ. ಆಮೇಲೆ ಅತಿಥಿ ಶಿಕ್ಷಕರು. ಅವರು ಬರುವ ಹೊತ್ತಿಗೆ ಶಾಲೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಬಂದವರು ಬಡಪಾಯಿಗಳು, ಸಂಬಳ ಯಾವಾಗ ಬರುತ್ತದೋ ಅಂತ ಕಾಯುವವರು. ಮಾರ್ಚ್ ಬಂದರೆ ಅವರ ಕೆಲಸವೂ ಮುಗಿಯಿತು. ಇತ್ತ ಮಕ್ಕಳು ಕಡಿಮೆಯಾದರು ಅಂತ ವರದಿ ಹೋಗುತ್ತದೆ. ಮಕ್ಕಳು ಕಡಿಮೆ ಅಂತ ಇದ್ದ ಒಬ್ಬರನ್ನೂ 'ಹೆಚ್ಚುವರಿ' ಮಾಡಿ ಬೇರೆ ಕಡೆ ಕಳಿಸುತ್ತಾರೆ. ಟೀಚರ್ ಇಲ್ಲ ಅಂತ ಮಕ್ಕಳು ಹೋದದ್ದು, ಮಕ್ಕಳಿಲ್ಲ ಅಂತ ಟೀಚರ್ ಹೋದದ್ದು. ಆಮೇಲೆ ಜನಕ್ಕೇ ಉರ್ದು ಬೇಡವಾಗಿದೆ ಅಂತ ಷರಾ ಬರೆಯುವುದು.

ಇನ್ನೊಂದು ಮಾತು. ನಮ್ಮ ಮೊಹಲ್ಲಾದ ಮಗು ಮನೆಯಲ್ಲಿ ಆಡುವುದು ದಖನಿ. ಪಠ್ಯಪುಸ್ತಕದಲ್ಲಿ ಇರುವುದು ದೆಹಲಿ, ಲಖನೌ ಕಡೆಯ ಉರ್ದು. ಎರಡಕ್ಕೂ ಒಳ್ಳೆಯ ಅಂತರ ಇದೆ. ನಮ್ಮ ದಖನಿಯಲ್ಲಿ ಕನ್ನಡದ ರಾಗ ಇದೆ, ಕನ್ನಡದ ವಾಕ್ಯದ ಓಟ ಇದೆ. ನಾಲ್ಕು ನೂರು ವರ್ಷದ ಹಿಂದೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ಸರಸ್ವತಿಯನ್ನು ನೆನೆದು ಹಾಡು ಕಟ್ಟಿದ್ದು ಇದೇ ದಖನಿಯಲ್ಲಿ. ಅಂಥ ಮಾತನ್ನು ಆಡುವ ಮಗು ಶಾಲೆಗೆ ಬಂದ ಮೊದಲ ದಿನವೇ "ನೀನು ಆಡೋದು ತಪ್ಪು" ಅನ್ನಿಸಿಕೊಳ್ಳುತ್ತದೆ. ನಮ್ಮ ಆಪಾ ಹಾಗೆ ಮಾಡುತ್ತಿರಲಿಲ್ಲ. ಮೊದಲು ಕಥೆಯನ್ನು ಮಕ್ಕಳ ಮಾತಲ್ಲೇ ಹೇಳಿಸಿ, ಆಮೇಲೆ ಪುಸ್ತಕ ತೆಗೆಸುತ್ತಿದ್ದರು. ಇದನ್ನು ಅವರಿಗೆ ಯಾವ ತರಬೇತಿಯೂ ಹೇಳಿಕೊಟ್ಟಿರಲಿಲ್ಲ. ನಿನ್ನೆಯ ವೇದಿಕೆಯಲ್ಲಿ ದಖನಿಗೆ ಚಪ್ಪಾಳೆ ಬಿತ್ತು. ದಖನಿ ಆಡುವ ಮಗುವಿಗೆ ಪಾಠ ಹೇಗೆ ಶುರು ಮಾಡಬೇಕು ಅನ್ನುವ ಬಗ್ಗೆ ಅರ್ಧ ಮಾತೂ ಇಲ್ಲ.

ಭಾಷೆ ಕಲಿಸುವುದು ಹೇಗೆ ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅಂತಲಾ? ಖಂಡಿತಾ ಗೊತ್ತು. ಅದೂ ನಮ್ಮ ಊರಿನಲ್ಲೇ ಕೂತು ಮಾಡಿ ತೋರಿಸಿದೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಮೈಸೂರಿನಲ್ಲಿದೆ. ಬೇರೆ ರಾಜ್ಯದ ಮೇಷ್ಟ್ರುಗಳು ಬಂದು ಹತ್ತು ತಿಂಗಳಲ್ಲಿ ಕನ್ನಡ ಓದಿ ಬರೆದು ಹೋಗುತ್ತಾರೆ. ಅದೇ ಸಂಸ್ಥಾನ ಉರ್ದು ಕಲಿಸುವುದಕ್ಕೆ ಸೋಲನ್ ಮತ್ತು ಲಖನೌದಲ್ಲಿ ಕೇಂದ್ರ ಮಾಡಿದೆ. ಇನ್ನು ನಲಿ-ಕಲಿ, ಚಿಕ್ಕ ಮಕ್ಕಳು ಆಡುತ್ತಾ ಹಾಡುತ್ತಾ ಕಲಿಯುವ ಪದ್ಧತಿ. ಅದು ಹುಟ್ಟಿದ್ದು ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಕಾಡಂಚಿನ ಶಾಲೆಗಳ ಮೇಷ್ಟ್ರುಗಳೇ ಕಾರ್ಡು ಬರೆದು, ಹಾಡು ಕಟ್ಟಿ ಶುರು ಮಾಡಿದ್ದು ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಅದಕ್ಕೆ ವೇದಿಕೆ ಇರಲಿಲ್ಲ, ಶಾಲು ಇರಲಿಲ್ಲ. ತರಗತಿಯಿಂದ ಶುರುವಾಯಿತು, ಅದಕ್ಕೇ ಗಟ್ಟಿಯಾಗಿ ನೆಲೆ ನಿಂತಿತು.

ಉರ್ದು ವಿಷಯದಲ್ಲಿ ಮಾತ್ರ ಎಲ್ಲ ಪಕ್ಷದ ಸರ್ಕಾರಗಳಿಗೂ ತರಗತಿ ಕಾಣುವುದಿಲ್ಲ, ಸುದ್ದಿ ಕಾಣುತ್ತದೆ. 1994 ನೆನಪಿದೆಯಾ? ಚುನಾವಣೆ ಹತ್ತಿರ ಬಂದಿತ್ತು. ಅಕ್ಟೋಬರ್ 2ರಿಂದ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದರು. ಗಲಭೆ ಎದ್ದಿತು. ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ವಾರ್ತೆಯೂ ಕೆಲವೇ ದಿನದಲ್ಲಿ ನಿಂತಿತು. ನಾನಾಗ ಕೆಲಸಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಉರ್ದು ಶಾಲೆಗೆ ಹೋಗಿ ಬರುತ್ತೀಯಾ ಅಂತ ಮನೆಯವರೆಲ್ಲಾ ಹೆದರಿದ್ದರು. ಶಾಲೆಯಲ್ಲಿ ಮಕ್ಕಳು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಆ ಮಕ್ಕಳ ಅಪ್ಪ ಅಮ್ಮ ಯಾರೂ ನಮಗೆ ಉರ್ದು ವಾರ್ತೆ ಕೊಡಿ ಅಂತ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವರು ಕೇಳುತ್ತಿದ್ದದ್ದು ಟೀಚರನ್ನು, ಸೋರದ ಚಾವಣಿಯನ್ನು.

2024ರಲ್ಲಿ ಮತ್ತೆ ಅಂಥದ್ದೇ. ಮೂಡಿಗೆರೆ ಕಡೆ ಅಂಗನವಾಡಿ ಕೆಲಸಕ್ಕೆ ಉರ್ದು ಗೊತ್ತಿರಬೇಕು ಅನ್ನುವ ಷರತ್ತು ಬಂತು, ಟಿವಿಯಲ್ಲಿ ದೊಡ್ಡ ಜಗಳ ಆಯಿತು. ಮನೆಯಲ್ಲಿ ದಖನಿ ಆಡುವ ಮೂರು ವರ್ಷದ ಕೂಸನ್ನು ಅಂಗನವಾಡಿಯಲ್ಲಿ ಯಾವ ಮಾತಲ್ಲಿ ಸಮಾಧಾನ ಮಾಡುತ್ತಾರೆ ಅಂತ ಒಬ್ಬ ಆಂಕರ್ ಆದರೂ ಕೇಳಿದರಾ?

ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. "ಮೇಡಂ, ಕನ್ನಡ ಶಾಲೆಗಳೇ ಮುಚ್ಚುತ್ತಿವೆ, ನಿಮಗೆ ಉರ್ದು ಚಿಂತೆಯಾ?" ನಾನು ಜೀವಮಾನ ಇಡೀ ಕನ್ನಡ ಕಲಿಸಿದವಳು. ಕನ್ನಡ ಶಾಲೆ ಮುಚ್ಚುತ್ತಿರುವುದು ಉರ್ದು ಶಾಲೆಯಿಂದಲ್ಲ. ಎರಡಕ್ಕೂ ಬಂದಿರುವ ಕಾಯಿಲೆ ಒಂದೇ, ಟೀಚರ್ ಇಲ್ಲದ ಸರ್ಕಾರಿ ಶಾಲೆ. ಉರ್ದು ಶಾಲೆಯಲ್ಲಿ ಮಗು ಕನ್ನಡವನ್ನೂ ಕಲಿಯುತ್ತದೆ. ಅಲ್ಲಿ ಕನ್ನಡ ಟೀಚರ್ ಹುದ್ದೆ ಖಾಲಿ ಬಿದ್ದಾಗ ಕನ್ನಡದ ಹೆಸರಿನಲ್ಲಿ ಜಗಳ ಆಡುವವರು ಯಾರೂ ಬಂದು ಕೇಳಿದ್ದಿಲ್ಲ. ಶಾಲೆ ಮುಚ್ಚಿದರೆ ಆ ಮಗು ಕನ್ನಡ ಶಾಲೆಗೆ ಬರುತ್ತದೆ ಅಂದುಕೊಂಡಿದ್ದೀರಾ? ಬೀದಿ ಕೊನೆಯ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತದೆ. 2015ರ ಕಾಯ್ದೆ ಪ್ರಕಾರ ಅಲ್ಲೂ ಕನ್ನಡ ಕಲಿಸಲೇಬೇಕು. ಎಷ್ಟು ಕಡೆ ಹೇಗೆ ಕಲಿಸುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಮನೆಯಲ್ಲಿ ಉರ್ದು ಆಡಿದವರು ಕನ್ನಡಕ್ಕೆ ದೂರದವರು ಅನ್ನುವವರಿಗೆ ನಿಸಾರ್ ಅಹಮದ್ ಅವರ ಹೆಸರು ಸಾಕು. 2025ರಲ್ಲಿ ಚಾಮುಂಡಿ ಬೆಟ್ಟದಲ್ಲಿ ನಮ್ಮ ದಸರಾ ಉದ್ಘಾಟನೆ ಮಾಡಿದ ಬಾನು ಮುಷ್ತಾಕ್ ಅವರನ್ನೇ ನೋಡಿ. ಎಂಟು ವರ್ಷಕ್ಕೆ ಶಿವಮೊಗ್ಗದಲ್ಲಿ ಕನ್ನಡ ಶಾಲೆ ಸೇರಿ ಅಕ್ಷರ ಕಲಿತವರು. ಅದೇ ಕನ್ನಡದಲ್ಲಿ ಬರೆದು ಇಂಟರ್‌ನ್ಯಾಷನಲ್ ಬುಕರ್ ತಂದರು. ಅವರಿಗೆ ಹೋಗುವುದಕ್ಕೆ ಒಂದು ಶಾಲೆ ಇತ್ತು, ಅಲ್ಲಿ ಕಲಿಸುವವರು ಇದ್ದರು. ನಾನು ಕೇಳುತ್ತಿರುವುದೂ ಅಷ್ಟನ್ನೇ.

ಸುಪ್ರೀಂ ಕೋರ್ಟ್ ಕೂಡ 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಪಾತೂರು ಪುರಸಭೆಯ ಉರ್ದು ನಾಮಫಲಕದ (ಬೋರ್ಡಿನ) ಕೇಸಿನಲ್ಲಿ ಭಾಷೆ ಅಂದರೆ ಧರ್ಮ ಅಲ್ಲ, ಉರ್ದು ಇದೇ ನೆಲದಲ್ಲಿ ಹುಟ್ಟಿದ್ದು ಅಂತ ಹೇಳಿದೆ. ಬೋರ್ಡು ಉಳಿಯಿತು, ಸಂತೋಷ. ಆದರೆ ಆ ಬೋರ್ಡನ್ನು ಓದುವ ಮಕ್ಕಳು ಬೇಕಲ್ವಾ?

"ಅಪ್ಪ ಅಮ್ಮಂದಿರೇ ಇಂಗ್ಲಿಷ್ ಕೇಳುತ್ತಾರೆ" ಅನ್ನುವುದು ನಿಜ. ಸರ್ಕಾರ ಮಾಡಿರುವ ಮೌಲಾನಾ ಆಜಾದ್ ಮಾದರಿ ಶಾಲೆಗಳೂ ಇಂಗ್ಲಿಷ್ ಮೀಡಿಯಮ್ಮೇ. ಇರಲಿ, ಬೇಡ ಅನ್ನುವುದಕ್ಕೆ ನಾನು ಯಾರು? ಇಂಗ್ಲಿಷ್ ಮೀಡಿಯಂ ಇದ್ದರೂ ದಿನಕ್ಕೆ ಒಂದು ಪೀರಿಯಡ್ ಉರ್ದು, ಒಂದು ಪೀರಿಯಡ್ ಕನ್ನಡ, ಎರಡಕ್ಕೂ ಕಾಯಂ ಟೀಚರ್. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಅಂತ ಸಂವಿಧಾನದ 350ಎ ವಿಧಿಯಲ್ಲೇ ಇದೆ. 1956ರಲ್ಲಿ ಸೇರಿಸಿದ್ದು. ನಾನು ಹೊಸದಾಗಿ ಏನೂ ಕೇಳುತ್ತಿಲ್ಲ.

ನಿನ್ನೆ ಆ ಹೆಣ್ಣುಮಗಳಿಗೆ ಟಿಸಿ ತಗೋಬೇಡ, ಒಂದು ವಾರ ತಡಿ ಅಂದಿದ್ದೇನೆ. ಆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರ ಹತ್ತಿರ ಬೆಳಗ್ಗೆ ಫೋನಿನಲ್ಲಿ ಮಾತಾಡಿದೆ. ಸೋಮವಾರ ಪೋಷಕರ ಸಹಿ ಹಾಕಿಸಿಕೊಂಡು ಕಚೇರಿಗೆ ಅರ್ಜಿ ಕೊಡುತ್ತೇವೆ. ಒಬ್ಬರು ಉರ್ದು ಟೀಚರ್, ಒಬ್ಬರು ಕನ್ನಡ ಟೀಚರ್, ಇಷ್ಟೇ ಬೇಡಿಕೆ. ಅರ್ಜಿ ಕನ್ನಡದಲ್ಲಿ ನಾನು ಬರೆಯುತ್ತಿದ್ದೇನೆ. ಉದಯಗಿರಿ, ರಾಜೀವನಗರ, ಶಾಂತಿನಗರದಲ್ಲಿ ಇರುವ ನನ್ನ ಹಳೆಯ ವಿದ್ಯಾರ್ಥಿಗಳು ಬೆಳಗ್ಗೆ ಹತ್ತೂವರೆಗೆ ಶಾಲೆಯ ಗೇಟಿನ ಹತ್ತಿರ ಬನ್ನಿ. ಯಾವ ಶಾಲೆ ಅಂತ ಇನ್‌ಬಾಕ್ಸಿನಲ್ಲಿ ಕೇಳಿದರೆ ಹೇಳುತ್ತೇನೆ.