ಪ್ರಮಾಣ ಟೈಪ್ ಆಗಿದೆ ಅಮ್ಮಾ

ಟೊರೊಂಟೊ ಸುತ್ತಮುತ್ತಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಬೇಸ್‌ಮೆಂಟ್ ಬಾಡಿಗೆ, ಹಳೇ ಸೋಫಾ, "ಬೆಂಗಳೂರಿಂದ ಬರೋರು ಯಾರಾದ್ರೂ ಇದ್ದೀರಾ, ಎರಡು ಕೆಜಿ ಜಾಗ ಬೇಕಿತ್ತು" ಇವೆಲ್ಲ ಆದ ಮೇಲೆ ತಪ್ಪದೆ ಬರುವ ಇನ್ನೊಂದು ಪ್ರಶ್ನೆ ಇದೆ. "ಹತ್ತಿರದಲ್ಲಿ ನೋಟರಿ ಯಾರಾದ್ರೂ ಗೊತ್ತಾ? ಅರ್ಜೆಂಟ್." ಐದು ನಿಮಿಷದಲ್ಲಿ ಉತ್ತರವೂ ಬರುತ್ತೆ. "ಪ್ಲಾಜಾದಲ್ಲಿ ಒಬ್ರಿದ್ದಾರೆ, ಹೋಗಿ. ಜಾಸ್ತಿ ಪ್ರಶ್ನೆ ಕೇಳಲ್ಲ." ಪ್ರಶ್ನೆ ಕೇಳದೇ ಇರುವುದೇ ಇಲ್ಲಿ ದೊಡ್ಡ ಶಿಫಾರಸು. ನನ್ನ ತಕರಾರು ಇರುವುದು ಅಲ್ಲೇ.

ಒಂಟಾರಿಯೋದಲ್ಲಿ ಒಂದು ಸಾಧಾರಣ ಅಫಿಡವಿಟ್ಟಿಗೆ ನೋಟರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನೆ ಕಂದಾಯ ಕಟ್ಟುವ, ಮದುವೆ ಲೈಸೆನ್ಸ್ ಕೊಡುವ, ನಾಯಿಗೆ ಬಿಲ್ಲೆ ಕೊಡುವ ಅದೇ ಸಿಟಿ ಹಾಲ್‌ನಲ್ಲಿ ಈ ಕೆಲಸಕ್ಕೆ ಜನ ಇದ್ದಾರೆ. ಕಮಿಷನರ್ ಆಫ್ ಓತ್ಸ್ ಅಂತಾರೆ. ಇದಕ್ಕೆಂದೇ ಇರುವ ಪ್ರಾಂತ್ಯದ ಕಾಯ್ದೆಯಡಿ ಊರಿನ ಕ್ಲರ್ಕ್, ಖಜಾಂಚಿಯಂಥವರಿಗೆ ಹುದ್ದೆಯ ಬಲದಿಂದಲೇ ಪ್ರಮಾಣ ಬೋಧಿಸುವ ಅಧಿಕಾರ ಬರುತ್ತೆ. ತಮ್ಮ ಊರಿನ ಎಲ್ಲೆಯೊಳಗೆ ಮಾತ್ರ. ಇಲ್ಲಿ ಕ್ಲರ್ಕ್ ಅಂದರೆ ಫೈಲು ಹೊರುವ ಗುಮಾಸ್ತ ಅಂದುಕೊಳ್ಳಬೇಡಿ. ಪ್ರತಿ ಪುರಸಭೆಯೂ ಒಬ್ಬ ಕ್ಲರ್ಕನ್ನು ನೇಮಿಸಲೇಬೇಕು ಅಂತ ಕಾನೂನೇ ಹೇಳುವಷ್ಟು ದೊಡ್ಡ ಹುದ್ದೆ ಅದು. ಕೌಂಟರಿನಲ್ಲಿ ಸಿಗುವವರು ಸಾಮಾನ್ಯವಾಗಿ ಅವರ ಕೈಕೆಳಗಿನ ಸಿಬ್ಬಂದಿ, ಅವರಿಗೂ ಅಧಿಕಾರ ಕೊಡಿಸಿರುತ್ತಾರೆ. ಫೀಸು ಊರಿಂದ ಊರಿಗೆ ಬೇರೆ.

ಇತ್ತೀಚೆಗೆ ಪರಿಚಯದ ಇಬ್ಬರ ಜೊತೆ ಹೋಗಿದ್ದೆ. ಅಣ್ಣ ತನ್ನ ಹಳೇ ಕಾರನ್ನು ತಮ್ಮನಿಗೆ ಸುಮ್ಮನೆ ಕೊಡುತ್ತಿದ್ದ. ಒಂಟಾರಿಯೋದಲ್ಲಿ ಖಾಸಗಿಯಾಗಿ ಹಳೇ ಕಾರು ಕೊಂಡರೆ 13% ಮಾರಾಟ ತೆರಿಗೆ ಕಟ್ಟಬೇಕು. ಮನೆಯವರಿಗೆ ಉಡುಗೊರೆಯಾಗಿ ಕೊಟ್ಟರೆ ಇಲ್ಲ. ಆದರೆ ಮನೆಯವರು ಅಂದರೆ ಯಾರು ಅಂತ ಸರ್ಕಾರ ಪಟ್ಟಿ ಮಾಡಿದೆ: ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು-ಮೊಮ್ಮಕ್ಕಳು, ಅಜ್ಜ-ಅಜ್ಜಿ, ಗಂಡನ ಅಥವಾ ಹೆಂಡತಿಯ ಅಪ್ಪ-ಅಮ್ಮ, ಅಳಿಯ-ಸೊಸೆ, ಒಡಹುಟ್ಟಿದವರು. ನಮ್ಮ ಸಂಬಂಧ ಇಂಥದ್ದು ಅಂತ ಪ್ರಮಾಣ ಮಾಡಿ ಫಾರ್ಮಿಗೆ ಸಹಿ ಹಾಕಬೇಕು.

ಕೌಂಟರಿನಲ್ಲಿದ್ದಾಕೆ ಐವತ್ತು ದಾಟಿದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲು ಫಾರ್ಮಿನ ಕೊನೇ ಪುಟ ತಿರುಗಿಸಿದರು. ಸಹಿ ಮೊದಲೇ ಹಾಕಿಬಿಟ್ಟಿದ್ದಾರಾ ಅಂತ ನೋಡೋದಕ್ಕೆ. ಹಾಕಿರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. "ಪೂರ್ತಿ ಓದಿದ್ದೀರಾ? ಅರ್ಥ ಆಗಿದೆಯಾ? ದೇವರ ಮೇಲೆ ಪ್ರಮಾಣ ಮಾಡ್ತೀರೋ ಅಥವಾ ಬರೀ ಸತ್ಯನಿಷ್ಠೆಯಿಂದ ಹೇಳ್ತೀರೋ? ಎರಡಕ್ಕೂ ತೂಕ ಒಂದೇ." ಆಮೇಲೆ ಪೆನ್ನು ಕೊಡದೆ, ಅದನ್ನು ಕೈಯಲ್ಲೇ ಹಿಡಿದುಕೊಂಡು, "ಇದರಲ್ಲಿರೋದೆಲ್ಲ ಸತ್ಯವಾ?" ಅಂದರು.

ಅಣ್ಣನ ಕಡೆಯಿಂದ ಉತ್ತರ ಬರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, "ಇವ್ನು ನಮ್ಮ ಚಿಕ್ಕಪ್ಪನ ಮಗ ಅಲ್ವಾ, ನಡೆಯುತ್ತೇನೋ?" ಅಂದ. ಒಂದೇ ಮನೆಯಲ್ಲಿ ಬೆಳೆದವರು, ಒಂದೇ ತಟ್ಟೆಯಲ್ಲಿ ಉಂಡವರು. ನಮ್ಮ ಮಟ್ಟಿಗೆ ಅಣ್ಣತಮ್ಮಂದಿರೇ. ಒಂಟಾರಿಯೋ ಸರ್ಕಾರದ ಮಟ್ಟಿಗೆ ಅಲ್ಲ. ಆಕೆ ಕಾದರು. ಅವನು ಫಾರ್ಮು ವಾಪಸ್ ತೆಗೆದುಕೊಂಡ. ಹೊರಗೆ ಬಂದು ನನಗೆ ನಾಲ್ಕು ಮಾತು ಬೈದ, ತೆರಿಗೆ ಕಟ್ಟಿದ.

ಗಮನಿಸಿ, ಆಕೆ ಏನೂ ತನಿಖೆ ಮಾಡಲಿಲ್ಲ. ಜನನ ಪ್ರಮಾಣಪತ್ರ ಕೇಳಲಿಲ್ಲ. ಬರೆದದ್ದು ನಿಜವೋ ಸುಳ್ಳೋ ಪತ್ತೆ ಮಾಡುವುದು ಆಕೆಯ ಕೆಲಸವೂ ಅಲ್ಲ. ಎದುರು ನಿಂತವರು ಇವರೇನಾ, ಪ್ರಮಾಣ ಬಾಯಲ್ಲಿ ಮಾಡಿದರಾ, ಸಹಿ ತನ್ನ ಕಣ್ಣೆದುರೇ ಬಿತ್ತಾ, ಇಷ್ಟೇ ನೋಡುವುದು. ಆದರೆ ಆ ಇಷ್ಟನ್ನು ಬಿಟ್ಟರೆ ಆಕೆಗೇ ಕುತ್ತು. ಪ್ರಮಾಣ ಮಾಡಿಸದೆ "ನನ್ನೆದುರು ಪ್ರಮಾಣ ಮಾಡಿದರು" ಅಂತ ಸಹಿ ಹಾಕುವುದು ಕೆನಡಾದ ಕ್ರಿಮಿನಲ್ ಕೋಡ್‌ನ 138ನೇ ಸೆಕ್ಷನ್ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ದಾರಿ ತಪ್ಪಿಸಲೆಂದೇ ಗೊತ್ತಿದ್ದೂ ಸುಳ್ಳು ಪ್ರಮಾಣ ಮಾಡಿದವರಿಗೆ ಹದಿನಾಲ್ಕು ವರ್ಷದವರೆಗೂ ಹಾಕಬಹುದು.

ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಸಿಟಿ ಹಾಲ್ ಸ್ವರ್ಗ ಅಂತಲ್ಲ. ಸಾಮಾನ್ಯವಾಗಿ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು, ಐದು ಗಂಟೆ ಹೊತ್ತಿಗೆ ಬಾಗಿಲು ಮುಚ್ಚಿರುತ್ತೆ. ಉಯಿಲು, ಆಸ್ತಿ ವ್ಯವಹಾರ, ವಿಚ್ಛೇದನದ ಕಾಗದ, ಪವರ್ ಆಫ್ ಅಟಾರ್ನಿ ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಊರಿನ ಸೈಟು ಮಾರಲು ಭಾವನ ಹೆಸರಿಗೆ ಜಿಪಿಎ ಕಳಿಸಬೇಕಾದವರು ಕಾನ್ಸುಲೇಟಿಗೋ ನೋಟರಿಗೋ ಹೋಗಲೇಬೇಕು. 2024ರ ಜನವರಿ 11ರಿಂದ ಕೆನಡಾದಲ್ಲೂ ಅಪೊಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ದೃಢೀಕರಣ) ಬಂದಿರುವುದರಿಂದ ಆ ದಾರಿ ಮೊದಲಿಗಿಂತ ಹಸನಾಗಿದೆ. ಜಿಪಿಎ ಊರು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟುವುದನ್ನು ಮಾತ್ರ ಮರೆಯಬೇಡಿ. ಇನ್ನು 2020ರ ಆಗಸ್ಟ್‌ನಿಂದ ವಿಡಿಯೋ ಕರೆಯಲ್ಲೂ ಪ್ರಮಾಣ ಮಾಡಿಸಲು ಒಂಟಾರಿಯೋ ಒಪ್ಪಿದೆ. ಕೋವಿಡ್ ಕಾಲದ ಬಳುವಳಿ. ಅನುಕೂಲವೇನೋ ಹೌದು, ಎದುರಿಗೆ ನಿಂತಾಗಿನ ಅಳುಕು ಪರದೆಯ ಮೇಲೆ ಎಷ್ಟು ಉಳಿಯುತ್ತೋ ನನಗಂತೂ ಅನುಮಾನ.

ಈಗ ನಮ್ಮ ಊರಿನ ಕಥೆ.

ಅಪ್ಪ ತೀರಿಕೊಂಡ ಮೇಲೆ ಮನೆ ಖಾತೆ ಬದಲಾಯಿಸಲು ವಂಶವೃಕ್ಷ ಬೇಕಾಯಿತು. ವಂಶವೃಕ್ಷಕ್ಕೆ ಅಫಿಡವಿಟ್ ಬೇಕು. "ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸ್ಕೊಂಡು ಬನ್ನಿ" ಅಂತ ಕಳಿಸಿದರು. ಅಮ್ಮ ಅವತ್ತು ತಲೆಗೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಮಡಿಯಲ್ಲಿ ಹೊರಟಿದ್ದರು. ಪ್ರಮಾಣ ಮಾಡೋದಲ್ವಾ ಅಂತ. ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಹುಡುಗ ಹಳೇ ಯಾರದೋ ಫೈಲು ತೆರೆದು ಹೆಸರು ಬದಲಿಸಿ ಪ್ರಿಂಟು ತೆಗೆದ. ಅದರಲ್ಲಿ ಒಂದು ಕಡೆ ಹಿಂದಿನವರ ಅಜ್ಜನ ಹೆಸರು ಹಾಗೇ ಉಳಿದಿತ್ತು, ಅದನ್ನು ನಾವೇ ಹಿಡಿದೆವು. ಮತ್ತೆ ಪ್ರಿಂಟು. ನೋಟರಿ ಪಕ್ಕದ ಮೇಜಿನಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಕಟ್ಟಿಗೆ ಸಹಿ ಹಾಕುತ್ತಾ ಹೋದರು. ಹುಡುಗ ಕೆಂಪು ಬಿಲ್ಲೆ ಅಂಟಿಸಿ, ದುಂಡು ಸೀಲು ಒತ್ತಿ, ರಿಜಿಸ್ಟರಿನಲ್ಲಿ ಅಮ್ಮನ ಸಹಿ ಹಾಕಿಸಿಕೊಂಡು, ಕಾಗದ ಕೈಗಿಟ್ಟ. ಅಮ್ಮ ನಿಂತೇ ಇದ್ದರು.

"ಇನ್ನೇನಮ್ಮಾ?"

"ಪ್ರಮಾಣ ಎಲ್ಲಿ ಮಾಡ್ಬೇಕಪ್ಪಾ?"

"ಪ್ರಮಾಣ ಟೈಪ್ ಆಗಿದೆ ಅಮ್ಮಾ, ಕೆಳಗಡೆ ನೋಡಿ."

ನಿಜ, ಆಗಿತ್ತು. "ಮೇಲ್ಕಂಡ ಅಂಶಗಳೆಲ್ಲವೂ ನನ್ನ ತಿಳುವಳಿಕೆಯಂತೆ ಸತ್ಯವಾಗಿರುತ್ತವೆಂದು ಪ್ರಮಾಣೀಕರಿಸುತ್ತೇನೆ."

ನಮ್ಮ ಜನಕ್ಕೆ ಪ್ರಮಾಣದ ಭಯವಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. "ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಮುಂದೆ ಆಣೆ ಮಾಡು" ಅಂದ ತಕ್ಷಣ ಸಾಲ ಒಪ್ಪಿಕೊಂಡು ಕಂತು ಕಟ್ಟಲು ಶುರು ಮಾಡಿದವರನ್ನು ಎಲ್ಲರೂ ನೋಡಿದ್ದೇವೆ. ಕರಾವಳಿಯವರಿಗೆ ಕಾನತ್ತೂರು ದೈವಸ್ಥಾನದ ಹೆಸರೆತ್ತಿದರೆ ಸಾಕು. 2011ರಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಕುಮಾರಸ್ವಾಮಿಯವರನ್ನು ಕರೆದದ್ದೂ ಧರ್ಮಸ್ಥಳಕ್ಕೇ, ನೋಟರಿಯ ಮುಂದಕ್ಕಲ್ಲ. ಆಣೆಗೆ ಅಷ್ಟು ಬೆಲೆ ಇರುವ ನಾಡಿನಲ್ಲಿ ಅಫಿಡವಿಟ್ಟಿಗೆ ಕವಡೆ ಕಿಮ್ಮತ್ತಿಲ್ಲ. ಕಾರಣ ಸರಳ: ಅಲ್ಲಿ ಎದುರಿಗೆ ನಿಲ್ಲಿಸಿ ಕೇಳುತ್ತಾರೆ, ಇಲ್ಲಿ ಕೇಳುವವರೇ ಇಲ್ಲ. (ಅಂದಹಾಗೆ, ಸಿನಿಮಾದಲ್ಲಿ ತೋರಿಸುವ ಹಾಗೆ ಗೀತೆಯ ಮೇಲೆ ಕೈ ಇಡಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. ಪ್ರಮಾಣ ಕಾಯ್ದೆಯಲ್ಲಿರುವುದು ಬರೀ ಎರಡು ಸಾಲಿನ ಮಾತು. ದೇವರ ಹೆಸರಿನಲ್ಲಾದರೂ ಹೇಳಿ, ದೇವರನ್ನು ಬಿಟ್ಟಾದರೂ ಹೇಳಿ. ಆದರೆ ಹೇಳಬೇಕು.)

ನೋಟರಿಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ವರ್ಷಗಟ್ಟಲೆ ವಕೀಲಿಕೆ ಮಾಡಿದವರನ್ನೇ 1952ರ ನೋಟರಿ ಕಾಯ್ದೆಯಡಿ ನೇಮಿಸುತ್ತಾರೆ, ಅವರಲ್ಲಿ ಶಿಸ್ತಿನವರೂ ಇದ್ದಾರೆ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಕಾಗದಕ್ಕಿಷ್ಟು ಅಂತ ದುಡಿಯುವವರು ಎದುರಿಗೆ ಬಂದ ಗಿರಾಕಿಗೆ "ಇದು ನಿಜವೇನ್ರಿ?" ಅಂತ ಕೇಳಿದರೆ ಆತ ಪಕ್ಕದ ಮೇಜಿಗೆ ಹೋಗುತ್ತಾನೆ. ಸಂಬಳದಲ್ಲಿರುವವರಿಗೆ ಆ ಚಿಂತೆ ಇಲ್ಲ. ಆ ಕನ್ನಡಕದ ದಾರದಾಕೆಗೆ ಆ ಕಾರಿನ ಅಣ್ಣ ಸಹಿ ಹಾಕದೆ ಹೋದದ್ದರಿಂದ ಒಂದು ಪೈಸೆ ನಷ್ಟವಿರಲಿಲ್ಲ. ಊರಿನ ಸಿಬ್ಬಂದಿಯೇ ಈ ಕೆಲಸಕ್ಕೆ ತಕ್ಕವರು ಅಂತ ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಇನ್ನೊಂದು ವಿಚಿತ್ರವೂ ಇದೆ. ಖಾತೆಗೆ ಅಫಿಡವಿಟ್ ಕೇಳುವುದು ನಗರಸಭೆ ಅಥವಾ ಪಂಚಾಯಿತಿ. ಅಲ್ಲಿನ ಬಿಲ್ ಕಲೆಕ್ಟರಿಗೆ ನಿಮ್ಮ ಮನೆ ಗೊತ್ತು, ನಿಮ್ಮಪ್ಪ ಗೊತ್ತು, ನಿಮ್ಮ ದಾಯಾದಿ ಜಗಳ ನಿಮಗಿಂತ ಚೆನ್ನಾಗಿ ಗೊತ್ತು. ಆತ ನಿಮ್ಮನ್ನು, ನಿಮ್ಮ ಹೆಸರನ್ನೇ ಕೇಳಿರದ ಒಬ್ಬರ ಹತ್ತಿರ ಕಳಿಸಿ, ಅವರ ಸೀಲು ತಂದರೆ ನಂಬುತ್ತೇನೆ ಅನ್ನುತ್ತಾನೆ. ಗೊತ್ತಿರುವವನು ಕೇಳುವುದಿಲ್ಲ, ಸಹಿ ಹಾಕುವವರಿಗೆ ಗೊತ್ತಿಲ್ಲ. ಮಧ್ಯದಲ್ಲಿ ಟೈಪಿಂಗಿನ ದುಡ್ಡು, ನೋಟರಿಯ ದುಡ್ಡು, ಮೇಲೆ ಛಾಪಾ ಕಾಗದ. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಆದ ಮೇಲೆ ಹಳೇ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂತು. 20 ರೂಪಾಯಿ ಇದ್ದ ಅಫಿಡವಿಟ್ ಶುಲ್ಕ 2024ರ ಫೆಬ್ರವರಿಯಿಂದ 100 ರೂಪಾಯಿ ಆಯಿತು. ಕಾಗದ ನಕಲಿಯಾಗದಂತೆ ಇಷ್ಟೆಲ್ಲ ಕಾವಲು ಹಾಕಿದ ಸರ್ಕಾರ, ಅದರ ಮೇಲೆ ಬರೆದದ್ದು ನಕಲಿಯಾ ಅಂತ ಕೇಳುವುದಕ್ಕೆ ಒಬ್ಬರನ್ನೂ ಕೂರಿಸಲಿಲ್ಲ.

ಹೊಸ ಕಾನೂನೇನೂ ಬೇಡ. 1969ರ ಪ್ರಮಾಣ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ದಾರಿ ಇದೆ. ಕೋರ್ಟಿಗೆ ಸಂಬಂಧಪಟ್ಟ ಅಫಿಡವಿಟ್‌ಗಳಿಗೆ ಹೈಕೋರ್ಟು, ಉಳಿದವಕ್ಕೆ ರಾಜ್ಯ ಸರ್ಕಾರ ಯಾರಿಗೆ ಬೇಕಾದರೂ ಪ್ರಮಾಣ ಬೋಧಿಸುವ ಅಧಿಕಾರ ಕೊಡಬಹುದು. ನಗರಸಭೆಯ ಕಂದಾಯ ನಿರೀಕ್ಷಕರಿಗೋ, ಪಿಡಿಒಗೋ, ಗ್ರಾಮ ಆಡಳಿತ ಅಧಿಕಾರಿಗೋ ಕೊಡಲು ಒಂದು ಅಧಿಸೂಚನೆ ಸಾಕು.

ಗೊತ್ತು, ಈಗ ಕಾಮೆಂಟಿನಲ್ಲಿ ಏನು ಬರುತ್ತೆ ಅಂತ. "ನೋಟರಿಗೆ ಇನ್ನೂರು ಕೊಟ್ಟರೆ ಮುಗೀತಿತ್ತು, ಪಿಡಿಒ ಕೈಗೆ ಕೊಟ್ಟರೆ ಎರಡು ಸಾವಿರ." ಈ ಮಾತನ್ನು ತಳ್ಳಿಹಾಕಲಾರೆ, ಲಂಚದ ರುಚಿ ಕಂಡ ಕೌಂಟರಿಗೆ ಇನ್ನೊಂದು ಸೀಲು ಕೊಡುವುದು ಅಪಾಯವೇ. ಆದ್ದರಿಂದ ಮೊದಲು ಆಗಬೇಕಾದದ್ದು ಬೇಡದ ಅಫಿಡವಿಟ್‌ಗಳನ್ನು ಕಿತ್ತೆಸೆಯುವುದು. ಅದು ಆಗದ ಮಾತೇನಲ್ಲ. ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲು ಕಾಯುತ್ತಿದ್ದ ಕಾಲ ನೆನಪಿದೆಯಲ್ಲ? 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಅಂಕಪಟ್ಟಿಯ ಜೆರಾಕ್ಸಿಗೆ ನಾವೇ ಸಹಿ ಹಾಕುತ್ತಿದ್ದೇವೆ, ಆಕಾಶವೇನೂ ಕಳಚಿ ಬೀಳಲಿಲ್ಲ. ಹುಟ್ಟಿದ ತಿಂಗಳೊಳಗೆ ನೋಂದಾಯಿಸದೆ ವರ್ಷದೊಳಗೆ ಹೋದವರಿಗೆ ಜನನ-ಮರಣ ಕಾಯ್ದೆಯಲ್ಲಿ ಅಫಿಡವಿಟ್ ಬೇಕಿತ್ತು. 2023ರ ತಿದ್ದುಪಡಿ ಅದನ್ನು ತೆಗೆದು ಸ್ವಯಂ ದೃಢೀಕರಿಸಿದ ದಾಖಲೆ ಸಾಕೆಂದಿತು. ಹೆಸರಿನ ಇನಿಶಿಯಲ್ ಹಿಂದೆ ಮುಂದೆ ಆಗಿದ್ದಕ್ಕೆ, ವಿಳಾಸ ಬದಲಾಗಿದ್ದಕ್ಕೆ, ಗ್ಯಾಸ್ ಪುಸ್ತಕ ಕಳೆದದ್ದಕ್ಕೆಲ್ಲ ದೇವರನ್ನು ಸಾಕ್ಷಿಗೆ ಕರೆಯುವುದು ದೇವರಿಗೂ ಬೇಸರ.

ಹೀಗೆ ಜರಡಿ ಹಿಡಿದ ಮೇಲೆ ಉಳಿಯುವವು ಕೆಲವೇ. ಇನ್ನೊಬ್ಬರ ಹಕ್ಕಿಗೆ ಕತ್ತರಿ ಬೀಳುವಂಥವು. ಅವುಗಳಲ್ಲಿ ಮೊದಲನೆಯದು ವಂಶವೃಕ್ಷ. ಕರ್ನಾಟಕ ತನ್ನ 1994ರ ತಿದ್ದುಪಡಿಯಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದ ಹಕ್ಕು ಅಂತ ಹೇಳಿ ಮುಗಿಸಿತು. ಆದರೂ ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವುದು ಊರೂರಲ್ಲಿ ನಡೆಯುತ್ತಲೇ ಇದೆ. ಅದರ ಅಫಿಡವಿಟ್ಟಿನಲ್ಲಿ "ಇವರನ್ನು ಬಿಟ್ಟು ಬೇರೆ ವಾರಸುದಾರರು ಇರುವುದಿಲ್ಲ" ಅನ್ನುವ ಸಾಲೂ ನೀಟಾಗಿ ಟೈಪ್ ಆಗಿರುತ್ತೆ. ಆಮೇಲೆ ಇಪ್ಪತ್ತು ವರ್ಷ ಸಿವಿಲ್ ಕೋರ್ಟು.

ಈ ಒಂದು ಕಾಗದದಿಂದ ಶುರು ಮಾಡಲಿ. ಅರ್ಜಿ ಹಾಕಿದವನನ್ನು ಚಾವಡಿಗೆ ಕರೆಸಿ, ಎದುರಿಗೆ ನಿಲ್ಲಿಸಿ, ಪೆನ್ನು ಕೊಡುವ ಮುಂಚೆ ಗ್ರಾಮ ಆಡಳಿತ ಅಧಿಕಾರಿ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಲಿ, ಪಕ್ಕದಲ್ಲಿ ಆ ಬಿಲ್ ಕಲೆಕ್ಟರನ್ನೂ ಕೂರಿಸಿಕೊಳ್ಳಲಿ: "ಇಷ್ಟೇ ಜನಾನೇನಪ್ಪಾ? ನಿಮ್ಮಕ್ಕನ್ನ ತೀರ್ಥಹಳ್ಳಿಗೆ ಕೊಟ್ಟಿದ್ರಲ್ಲ, ಅವ್ರ ಹೆಸ್ರು ಕಾಣ್ತಿಲ್ಲ?"